ಕುಣಿಯುವವರ ಕಾಲನ್ನು ಓದುವ ವಿಜ್ಞಾನ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ‘ಪಿಯುಸಿ ನಂತರ ಮುಂದೇನು?’ ಎಂಬ ಮಾರ್ಗದರ್ಶನ ಕಾರ್ಯಕ್ರಮ ನಡೆಯಿತು. ನೀಟ್, ಸಿಇಟಿ, ಜೆಇಇ, ಫಾರ್ಮಸಿ, ನರ್ಸಿಂಗ್, ಬಿಎಸ್ಸಿ ಕೃಷಿ ಎಂದು ಬೋರ್ಡಿನ ಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. ಕೊನೆಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟಾಗ ನಾನು ಎದ್ದು ನಿಂತೆ. “ಸರ್, ನೃತ್ಯ ವಿಜ್ಞಾನ ಅಂತ ಒಂದು ವಿಷಯ ಇದೆಯಲ್ಲ, ಅದಕ್ಕೆ ಹೋಗಬೇಕಾದರೆ ಇಲ್ಲಿ ಏನು ಓದಬೇಕು?” ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ನಗು ಬಂತು. “ಇಕಿ ಡಾನ್ಸ್ ಕಲಿಯಾಕ ಹೊಂಟಾಳ” ಎಂದು ಯಾರೋ ಅಂದರು. ನನಗೆ ಮುಖ ಕೆಂಪಾಯಿತು. ಸರ್ ಕೂಡ “ಆಮೇಲೆ ನೋಡೋಣಮ್ಮ” ಎಂದು ಮುಂದಿನ ಪ್ರಶ್ನೆಗೆ ಹೋದರು.

ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ. ಆ ಹೆಸರು ಕೇಳಿದರೆ ಯಾರಿಗಾದರೂ ಹಾಗೇ ಅನಿಸಬಹುದು. ಆದರೆ ಅಂದು ನಾನು ಹೇಳಲಾಗದ್ದನ್ನು ಇಲ್ಲಿ ಹೇಳಬೇಕೆನಿಸಿದೆ. ಮೊದಲೇ ಒಂದು ಮಾತು: ನಾನು ಕುಣಿಯುವುದಿಲ್ಲ. ಕುಣಿಯುವವರ ಕಾಲು, ಮೊಣಕಾಲು, ಸೊಂಟ ಏನಾಗುತ್ತದೆ, ಏಕೆ ನೋಯುತ್ತದೆ, ನೋಯದಂತೆ ಏನು ಮಾಡಬೇಕು ಎಂಬುದನ್ನು ಓದುವುದು ನನ್ನ ಆಸೆ. ಈ ಆಸೆ ಹುಟ್ಟಿದ್ದು ಇಬ್ಬರ ಕಾಲುಗಳಿಂದ.

ಮೊದಲನೆಯದು ನನ್ನ ಗೆಳತಿಯ ಕಾಲು. ಬೆಳಗಾವಿಯಲ್ಲೇ ಹುಟ್ಟಿ ಬೆಳೆದ ಅವಳು ಏಳನೇ ವಯಸ್ಸಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಹೋದ ವರ್ಷ ಅವಳ ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ಒಂದೇ ಕಡೆ ನೋವು ಶುರುವಾಯಿತು. ಮನೆಯಲ್ಲಿ ಹೇಳಿದರೆ ಕ್ಲಾಸ್ ಬಿಡಿಸುತ್ತಾರೆಂದು ಎರಡು ತಿಂಗಳು ಮುಚ್ಚಿಟ್ಟಳು. ಕಾಲೇಜಿನ ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿಯಲು ಶುರು ಮಾಡಿದಾಗ ನನಗೆ ಗೊತ್ತಾಯಿತು. ಕೊನೆಗೆ ಒಂದು ಕಡೆ ತೋರಿಸಿದರು. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಇದೆ ಎಂದರು. “ಕುಣಿಯೋದು ಬಿಟ್ಟುಬಿಡು” ಎಂದೂ ಹೇಳಿದರು. ಮೂಳೆಗೆ ವಿಶ್ರಾಂತಿ ಬೇಕು ಎಂಬುದು ತಪ್ಪಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗಳು ಹಾಗೇ ಉಳಿದವು. ಎಷ್ಟು ವಾರ? ಆಮೇಲೆ ಮೊದಲ ದಿನ ಎಷ್ಟು ಹೊತ್ತು? ಯಾವ ಅಡವು ಮೊದಲು, ಯಾವುದು ಕೊನೆಗೆ? ಈ ಬಿರುಕು ಬಂದದ್ದಾದರೂ ಏಕೆ? ನಮ್ಮ ಕಾಲೇಜಿನ ಫಾಸ್ಟ್ ಬೌಲರ್‌ಗೆ ಬೆನ್ನು ನೋವು ಬಂದಾಗ “ಕ್ರಿಕೆಟ್ ಬಿಟ್ಟುಬಿಡು” ಎಂದು ಯಾರೂ ಹೇಳಲಿಲ್ಲ. ಅವನಿಗೆ ವ್ಯಾಯಾಮದ ಚೀಟಿ ಬರೆದುಕೊಟ್ಟರು, ವಾರಕ್ಕೆ ಎಷ್ಟು ಓವರ್ ಹಾಕಬೇಕೆಂದು ಹೇಳಿದರು. ಕುಣಿಯುವವಳಿಗೆ ಸಿಕ್ಕಿದ್ದು ‘ಬಿಡು’ ಎಂಬ ಒಂದು ಪದ ಮಾತ್ರ.

ಎರಡನೆಯದು ನನ್ನ ಮಾಮೂನ ಕಾಲು. ನಮ್ಮ ಅಮ್ಮಿಯ ತವರು ಖಾನಾಪುರ ತಾಲೂಕಿನ ಬೀಡಿ ಕಡೆಯ ಒಂದು ಹಳ್ಳಿ. ಅಲ್ಲಿ ಮೊಹರಂ ಬಂದರೆ ಹೆಜ್ಜೆ ಮೇಳ ಇರುತ್ತದೆ. ಹಲಗಿಯ ಬಡಿತಕ್ಕೆ ಕಾಲಿಗೆ ಗೆಜ್ಜೆ ಕಟ್ಟಿದವರು ಸಾಲಾಗಿ ಹೆಜ್ಜೆ ಹಾಕುತ್ತಾರೆ, ರಿವಾಯತ ಪದ ಹಾಡುತ್ತಾರೆ. ಮೇಳದಲ್ಲಿ ಮುಸ್ಲಿಮರೂ ಇರುತ್ತಾರೆ, ಹಿಂದೂಗಳೂ ಇರುತ್ತಾರೆ. ಮಾಮೂ ಹದಿನಾರನೇ ವಯಸ್ಸಿನಿಂದ ಹೆಜ್ಜೆ ಹಾಕಿದವರು. ಈಗ ಐವತ್ತು ದಾಟಿದೆ, ಬಲ ಮೊಣಕಾಲು ಮಡಚಲು ಬರುವುದಿಲ್ಲ. ಕಾರಣ ಕೇಳಿದಾಗ ಅವರು ಹೇಳಿದ್ದು ಇದು: “ಮದಲ ಓಣ್ಯಾಗ ಮಣ್ಣಿತ್ತವಾ. ಹೆಜ್ಜಿ ಹಾಕಿದ್ರ ಮೆತ್ತಗ ಅನಸ್ತಿತ್ತು. ಕಾಂಕ್ರೀಟ್ ಹಾಕಿದ ಮ್ಯಾಲ ಹಿಮ್ಮಡದಿಂದ ತಲಿ ತನಕ ಜಗ್ ಅಂತೈತಿ.”

ಮಾಮೂ ಶಾಲೆ ಓದಿದ್ದು ಐದನೇ ತರಗತಿವರೆಗೆ. ಆದರೆ ಅವರು ಹೇಳಿದ್ದು ನಮ್ಮ ಪ್ರಥಮ ಪಿಯು ಭೌತಶಾಸ್ತ್ರದ ಚಲನೆಯ ನಿಯಮಗಳ ಪಾಠವೇ ಆಗಿದೆ. ಲೆಕ್ಕ ಮಾಡಿ ನೋಡಿ. 50 ಕಿಲೋ ತೂಕದ ಒಬ್ಬರು 20 ಸೆಂಟಿಮೀಟರ್ ಎತ್ತರ ಜಿಗಿದು ಕೆಳಗೆ ಬರುತ್ತಾರೆ ಎಂದುಕೊಳ್ಳೋಣ. ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 2 ಮೀಟರ್. ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ, ಸುಮಾರು 100. ಕಾಲನ್ನು ಕೋಲಿನಂತೆ ನೆಟ್ಟಗಿಟ್ಟು ಗಟ್ಟಿ ನೆಲದ ಮೇಲೆ 0.05 ಸೆಕೆಂಡಿನಲ್ಲಿ ನಿಂತರೆ, ಆ ಚಲನೆಯನ್ನು ನಿಲ್ಲಿಸಲು ಸರಾಸರಿ 2000 ನ್ಯೂಟನ್ ಬಲ ಬೇಕು. ಮೊಣಕಾಲು ಮಡಚಿ ನಿಧಾನವಾಗಿ 0.2 ಸೆಕೆಂಡಿನಲ್ಲಿ ನಿಂತರೆ 500 ನ್ಯೂಟನ್ ಸಾಕು. ಎರಡೂ ಕಡೆ ಅವರ ಸ್ವಂತ ತೂಕದ 490 ನ್ಯೂಟನ್ ಸೇರಿಸಿಕೊಳ್ಳಿ. ಒಂದು ಸಲ ನೆಲವು ಕಾಲನ್ನು ತಳ್ಳುವ ಬಲ ಸುಮಾರು 2500, ಇನ್ನೊಂದು ಸಲ ಸುಮಾರು 1000. ಅದೇ ಮನುಷ್ಯ, ಅದೇ ಎತ್ತರ. ಬದಲಾದದ್ದು ನಿಲ್ಲಲು ತೆಗೆದುಕೊಂಡ ಸಮಯ ಮಾತ್ರ. ಒಂದು ರಾತ್ರಿಯಲ್ಲಿ ಇಂಥ ಹೆಜ್ಜೆ ನೂರಾರು ಬಿದ್ದರೆ ಆ ವ್ಯತ್ಯಾಸ ಎಲ್ಲಿಗೆ ಹೋಗುತ್ತದೆ? ಪಾದದ 26 ಮೂಳೆಗಳಿಗೆ, ಮೊಣಕಾಲಿಗೆ, ಸೊಂಟಕ್ಕೆ ಹೋಗುತ್ತದೆ. ನೃತ್ಯಕ್ಕಾಗಿ ಕಟ್ಟುವ ಒಳ್ಳೆಯ ಸಭಾಂಗಣಗಳಲ್ಲಿ ಮರದ ಹಲಗೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟು, ನೆಲ ತುಸು ಬಾಗುವಂತೆ ಮಾಡುವುದು ಈ ಕಾರಣಕ್ಕೆ.

ಹಾಗೆಂದು ಮಾಮೂನ ಮೊಣಕಾಲು ಕೆಟ್ಟದ್ದು ಕಾಂಕ್ರೀಟಿನಿಂದಲೇ ಎಂದು ನಾನು ಹೇಳಲಾರೆ. ವಯಸ್ಸು ಕಾರಣವಿರಬಹುದು, ಹೊಲದ ಕೆಲಸ ಇರಬಹುದು, ಹಳೆಯ ಪೆಟ್ಟು ಇರಬಹುದು. ಇವುಗಳಲ್ಲಿ ಯಾವುದು ಎಷ್ಟು ಎಂದು ಅಳೆದು ಹೇಳುವುದೇ ವಿಜ್ಞಾನ. ಅದನ್ನು ಅಳೆಯುವವರು ನಮ್ಮ ಕಡೆ ಇಲ್ಲ. ನನ್ನ ಮಾತಿನ ತಿರುಳು ಇಷ್ಟೇ.

ಈ ವಿಷಯವನ್ನು ವಿಶ್ವವಿದ್ಯಾಲಯದಲ್ಲಿ ಓದುವವರು ಏನು ಕಲಿಯುತ್ತಾರೆ? ಅಂಗರಚನಾಶಾಸ್ತ್ರ, ಬಯೋಮೆಕ್ಯಾನಿಕ್ಸ್, ವ್ಯಾಯಾಮದ ಶರೀರಕ್ರಿಯಾಶಾಸ್ತ್ರ, ಆಹಾರ, ಮನಶ್ಶಾಸ್ತ್ರ, ಸಂಶೋಧನಾ ವಿಧಾನ. ಭರತನಾಟ್ಯದ ಅರಮಂಡಿಯನ್ನೇ ತೆಗೆದುಕೊಳ್ಳಿ. ನೋಡುವವರಿಗೆ ಪಾದ ಹೊರಗೆ ತಿರುಗಿದ್ದು ಕಾಣುತ್ತದೆ. ಆದರೆ ಆ ತಿರುವು ಬರಬೇಕಾದದ್ದು ಸೊಂಟದ ಕೀಲಿನಿಂದ. ಸೊಂಟ ಎಷ್ಟು ತಿರುಗುತ್ತದೆ ಎಂಬುದು ಒಬ್ಬೊಬ್ಬರ ಮೂಳೆಯ ಆಕಾರದ ಮೇಲೆ ನಿಂತಿದೆ. ಸೊಂಟ ಕೊಡದ ತಿರುವನ್ನು ಪಾದದಿಂದ ಬಲವಂತವಾಗಿ ತೆಗೆದರೆ ತಿರುಚು ಬೀಳುವುದು ಮೊಣಕಾಲಿಗೆ. ಮೂಳೆಯೂ ಕಲ್ಲಲ್ಲ, ಜೀವಂತ ವಸ್ತು. ಭಾರ ಬಿದ್ದಾಗ ಹಳೆಯ ಭಾಗವನ್ನು ಕರಗಿಸಿ ಹೊಸದನ್ನು ಕಟ್ಟುತ್ತದೆ. ಕಟ್ಟಲು ಸಮಯ ಕೊಡದೆ ಮತ್ತೆ ಮತ್ತೆ ಭಾರ ಹಾಕಿದರೆ ಬಿರುಕು ಬಿಡುತ್ತದೆ. ಅಭ್ಯಾಸಕ್ಕೆ ತಕ್ಕಷ್ಟು ಊಟ ಮಾಡದಿದ್ದರೆ ಕಟ್ಟಲು ಬೇಕಾದ ಸಾಮಗ್ರಿಯೂ ಇರುವುದಿಲ್ಲ. ರಂಗಪ್ರವೇಶದ ಮುಂಚೆ ತೆಳ್ಳಗಾಗಬೇಕೆಂದು ನನ್ನ ಗೆಳತಿ ಮಧ್ಯಾಹ್ನದ ಡಬ್ಬಿಯನ್ನು ನನಗೇ ಕೊಟ್ಟುಬಿಡುತ್ತಿದ್ದಳು. ನಾನು ಖುಷಿಯಿಂದ ತಿನ್ನುತ್ತಿದ್ದೆ. ಈಗ ಅದನ್ನು ನೆನೆದರೆ ಬೇಸರವಾಗುತ್ತದೆ.

ಹೊರಗಿನ ದೇಶಗಳಲ್ಲಿ ಇದು ಹೊಸ ವಿಷಯವೇನಲ್ಲ. ನೃತ್ಯದ ವೈದ್ಯಕೀಯ ಮತ್ತು ವಿಜ್ಞಾನಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಘ 1990ರಲ್ಲೇ ಹುಟ್ಟಿತು. ಲಂಡನ್ನಿನ ಟ್ರಿನಿಟಿ ಲಾಬಾನ್ ಸಂಸ್ಥೆಯಲ್ಲಿ ನೃತ್ಯ ವಿಜ್ಞಾನದಲ್ಲಿ ಎಂಎಸ್ಸಿ ಇದೆ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲೂ ಇದನ್ನು ಕಲಿಸುತ್ತಾರೆ. ಆದರೆ ಅಲ್ಲಿಯ ಅಧ್ಯಯನಗಳಲ್ಲಿ ಹೆಚ್ಚಿನವು ಬ್ಯಾಲೆ ಮತ್ತು ಅಲ್ಲಿಯ ಆಧುನಿಕ ನೃತ್ಯ ಮಾಡುವವರ ಬಗ್ಗೆ. ಬ್ಯಾಲೆಯವರು ಶೂ ಹಾಕಿಕೊಂಡು ಬಾಗುವ ನೆಲದ ಮೇಲೆ ಕುಣಿಯುತ್ತಾರೆ. ನಮ್ಮವರು ಬರಿಗಾಲಲ್ಲಿ, ಕಲ್ಲು ಅಥವಾ ಸಿಮೆಂಟಿನ ಮೇಲೆ, ಪಾದ ತಟ್ಟಿ ಕುಣಿಯುತ್ತಾರೆ. ಡೊಳ್ಳಿನವರು ಹೊಟ್ಟೆಯ ಮುಂದೆ ಭಾರ ಕಟ್ಟಿಕೊಂಡು ಕುಣಿಯುತ್ತಾರೆ. ಅಲ್ಲಿಯ ಉತ್ತರವನ್ನು ತಂದು ಇಲ್ಲಿಯ ಕಾಲಿಗೆ ಅಂಟಿಸಲು ಬರುವುದಿಲ್ಲ.

ಈ ಹೆಸರಿನ ಪದವಿ ನಮ್ಮ ಜಿಲ್ಲೆಯಲ್ಲಿ ಇಲ್ಲ. ಆದರೆ ಅದಕ್ಕೆ ಬೇಕಾದ ತುಂಡುಗಳು ನಮ್ಮ ಸುತ್ತಲೇ ಬಿದ್ದಿವೆ. ನಾನು ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತೇನೆ. ಮಚ್ಛೆ ದಾಟುವಾಗ ವಿಟಿಯು ಕಾಣುತ್ತದೆ. ಬಲ, ಕಂಪನ, ಚಲನೆ ಅಳೆಯುವ ವಿದ್ಯೆ ಎಂಜಿನಿಯರಿಂಗ್‌ನದು. ಊರಿನ ಇನ್ನೊಂದು ತುದಿಗೆ ನೆಹರು ನಗರದಲ್ಲಿ 1963ರಿಂದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಇದೆ, ಅಲ್ಲೇ ಕೆಎಲ್‌ಇ ಸಂಸ್ಥೆಯ ಫಿಸಿಯೋಥೆರಪಿ ಕಾಲೇಜೂ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಇದೆ. ಒಂದು ಕಡೆ ಕಾಲನ್ನು ಬಲ್ಲವರಿದ್ದಾರೆ, ಇನ್ನೊಂದು ಕಡೆ ಕುಣಿತವನ್ನು ಬಲ್ಲವರಿದ್ದಾರೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವವರು ಬೇಕು.

ನಾನು ಯೋಚಿಸಿರುವ ದಾರಿ ಇದು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಬಿಪಿಟಿಗೆ, ಅಂದರೆ ಫಿಸಿಯೋಥೆರಪಿ ಪದವಿಗೆ ಹೋಗಬಹುದು. ನಾಲ್ಕು ವರ್ಷದ ಓದು, ಅದರ ಮೇಲೆ ಇಂಟರ್ನ್‌ಶಿಪ್. ಆಮೇಲೆ ಎಂಪಿಟಿಯಲ್ಲಿ ಕ್ರೀಡಾ ಫಿಸಿಯೋಥೆರಪಿ ತೆಗೆದುಕೊಂಡು, ಸಂಶೋಧನೆಗೆ ಕುಣಿಯುವವರನ್ನು ಆರಿಸಿಕೊಳ್ಳಬಹುದು. ಗಣಿತ ಇಷ್ಟವಿರುವವರು ಬಯೋಮೆಡಿಕಲ್ ಎಂಜಿನಿಯರಿಂಗ್ ಕಡೆಯಿಂದ ಬರಬಹುದು. ಕಲಾ ವಿಭಾಗದವರು ಜಾನಪದ ಅಧ್ಯಯನದ ಕಡೆಯಿಂದ ಬಂದು, ಯಾವ ಕುಣಿತದಲ್ಲಿ ಯಾವ ಹೆಜ್ಜೆ ಎಂದು ದಾಖಲಿಸಬಹುದು. ಪ್ರವೇಶದ ನಿಯಮಗಳು ಈಚೆಗೆ ಬದಲಾಗುತ್ತಿವೆ, ಆದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೀವೇ ಓದಿಕೊಳ್ಳಿ. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ.

ಮನೆಯಲ್ಲಿ ಇದನ್ನು ಹೇಳಿದಾಗ ಅಬ್ಬಾ ಮೊದಲು ಕೇಳಿದ್ದು ಹೊಟ್ಟೆಯ ಪ್ರಶ್ನೆ. “ಇದರಿಂದ ಮನೆ ನಡೆಯುತ್ತದೆಯೇ?” ನ್ಯಾಯವಾದ ಪ್ರಶ್ನೆ. ಅವರು ಖಾನಾಪುರದಲ್ಲಿ ಇಟ್ಟಿಗೆ ಲೋಡು ಮಾಡುವ ಕೆಲಸದಲ್ಲಿದ್ದಾರೆ. ನನ್ನ ಬಸ್ ಪಾಸು, ಪುಸ್ತಕ ಎಲ್ಲ ಅವರ ಬೆನ್ನಿನ ಮೇಲಿಂದಲೇ ಬಂದದ್ದು. ಕುಣಿಯುವವರನ್ನೇ ನಂಬಿ ಬೆಳಗಾವಿಯಲ್ಲಿ ದವಾಖಾನೆ ಇಟ್ಟರೆ ಮನೆ ನಡೆಯಲಿಕ್ಕಿಲ್ಲ. ಲಂಡನ್ನಿನ ಫೀಸು ನಮ್ಮಂಥವರ ಕೈಗೆ ಎಟುಕುವುದೂ ಅಲ್ಲ. ಆದರೆ ಫಿಸಿಯೋಥೆರಪಿ ಪದವಿ ಕುಣಿಯುವವರಿಗೆ ಮಾತ್ರ ಅಲ್ಲ. ಲಕ್ವ ಹೊಡೆದವರಿಗೆ ಅದು ಬೇಕು, ಅಪಘಾತವಾದವರಿಗೆ ಬೇಕು, ಇಟ್ಟಿಗೆ ಹೊರುವವರಿಗೂ ಬೇಕು. “ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು, ಭಾರ ಎದೆಗೆ ಹತ್ತಿರ ಹಿಡಿ” ಎಂದು ಅಬ್ಬಾಗೆ ಹಿಂದೆ ಹಿರಿಯ ಕೆಲಸಗಾರರೊಬ್ಬರು ಹೇಳಿಕೊಟ್ಟಿದ್ದರಂತೆ. ಅದೂ ಇದೇ ವಿದ್ಯೆ ಎಂದೆ. ಅಬ್ಬಾ ನಕ್ಕರು. ಒಪ್ಪಿದರೆಂದು ಹೇಳಲಾರೆ, ಆದರೆ ಬೇಡ ಎನ್ನಲಿಲ್ಲ.

ಎರಡನೇ ಪ್ರಶ್ನೆ ನಮ್ಮ ಸಮುದಾಯದ್ದು. ಕುಣಿತದ ಬಗ್ಗೆ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯ ಇಲ್ಲ. ಮೊಹರಂ ಹೆಜ್ಜೆಯ ಬಗ್ಗೆಯೂ ಇಲ್ಲ. ನನ್ನ ಸ್ವಂತ ಮನೆಯಲ್ಲೇ ಮಾಮೂ ಹೆಜ್ಜೆ ಹಾಕಿದವರು, ಚಾಚಾ ಅದು ಸರಿಯಲ್ಲ ಎನ್ನುವವರು. ಆ ಚರ್ಚೆಯನ್ನು ತಿಳಿದವರು ಮಾಡಲಿ, ಅದು ನನ್ನ ಅಳತೆಯದಲ್ಲ. ನನಗೆ ತಿಳಿದದ್ದು ಇಷ್ಟು: ನೋವಿನಲ್ಲಿರುವವರು ಬಂದಾಗ ವೈದ್ಯರು “ನೀನು ಏನು ಮಾಡುವಾಗ ನೋಯಿಸಿಕೊಂಡೆ” ಎಂದು ಕೇಳುವುದು ಚಿಕಿತ್ಸೆಗಾಗಿ, ತೀರ್ಪು ಕೊಡಲಿಕ್ಕಲ್ಲ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್-ಖಾನೂನ್’ ವೈದ್ಯಗ್ರಂಥದಲ್ಲಿ ವ್ಯಾಯಾಮಕ್ಕೂ ಮೈ ತಿಕ್ಕುವುದಕ್ಕೂ ಜಾಗ ಕೊಟ್ಟಿದ್ದರು. ದೇಹದ ಚಲನೆಯನ್ನು ಓದುವುದು ನಮಗೆ ಪರಕೀಯ ವಿದ್ಯೆಯಲ್ಲ. ಇನ್ನೊಂದು ಮಾತು. ಶುಕ್ರವಾರ ನಮ್ಮ ಮಸೀದಿಯಲ್ಲಿ ಕುರ್ಚಿಯ ಮೇಲೆ ಕೂತು ನಮಾಜು ಮಾಡುವ ಹಿರಿಯರು ಹೆಚ್ಚಾಗಿದ್ದಾರೆ ಎಂದು ಅಬ್ಬಾ ಹೇಳುತ್ತಾರೆ. ಸಜ್ದಾಕ್ಕೆ ಮೊಣಕಾಲು ಬಗ್ಗುವುದಿಲ್ಲ. ಮಾಮೂ ಕೂಡ ಈಗ ಅವರಲ್ಲಿ ಒಬ್ಬರು. ಹೆಜ್ಜೆ ಹಾಕಿದ ಮೊಣಕಾಲು, ಸಜ್ದಾ ಮಾಡುವ ಮೊಣಕಾಲು ಬೇರೆ ಬೇರೆ ಅಲ್ಲವಲ್ಲ.

ಇಲ್ಲಿ ಒಂದು ಎಚ್ಚರವೂ ಬೇಕು. ನಮ್ಮ ತಾಲೂಕಿನ ಕಾಡಿನ ಕಡೆ, ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದವರಿದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಅವರ ಡಮಾಮಿ ಕುಣಿತವನ್ನು ನಮ್ಮಲ್ಲಿ ಹಲವರು ಉತ್ಸವಗಳಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದೇವೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಕ್ಕೆ ತರಬೇತಿ ಕೊಟ್ಟಿತು. ಅವರ ಪೂರ್ವಜರು ಆಫ್ರಿಕಾದವರು, ಆದ್ದರಿಂದ ಪದಕ ತರುತ್ತಾರೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಕೆಲವು ವರ್ಷಗಳ ನಂತರ ಆ ಯೋಜನೆ ನಿಂತುಹೋಯಿತು. ಮೈಬಣ್ಣ, ಕೂದಲು ನೋಡಿ ಮೊದಲೇ ತೀರ್ಮಾನಕ್ಕೆ ಬರುವುದು ವಿಜ್ಞಾನವಲ್ಲ. ಕುಣಿಯುವವರ ಬಳಿ ಅಳತೆಪಟ್ಟಿ ಹಿಡಿದು ಹೋಗುವವರು ಮೊದಲು ಅವರಿಗೆ ಏನು ನೋಯುತ್ತದೆ, ಏನು ಬೇಕು ಎಂದು ಕೇಳಬೇಕು. ಅಳೆದದ್ದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ವಾಪಸು ಹೇಳಬೇಕು. ಉತ್ಸವಕ್ಕೆ ಕರೆದು ಕುಣಿಸಿ, ನೋವು ಬಂದಾಗ ಮನೆಗೆ ಕಳಿಸುವುದನ್ನು ನಾವು ಬಹಳ ದಿನ ಮಾಡಿದ್ದೇವೆ.

ಹಾಗಾದರೆ ನಮ್ಮ ಕಾಲೇಜು ಏನು ಮಾಡಬಹುದು? ದೊಡ್ಡ ಖರ್ಚಿನದೇನೂ ನಾನು ಕೇಳುತ್ತಿಲ್ಲ. ಮುಂದಿನ ಮಾರ್ಗದರ್ಶನ ಕಾರ್ಯಕ್ರಮದ ಪಟ್ಟಿಯಲ್ಲಿ ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ, ಕ್ರೀಡಾ ವಿಜ್ಞಾನ ಇವುಗಳ ಹೆಸರೂ ಬರಲಿ. ನೀಟ್‌ನಲ್ಲಿ ಅಂಕ ಕಡಿಮೆ ಬಂದವರು ಹೋಗುವ ಜಾಗ ಎಂಬಂತೆ ಅಲ್ಲ, ಬೇಕೆಂದೇ ಆರಿಸುವ ಓದು ಎಂಬಂತೆ ಬರಲಿ. ವಾರ್ಷಿಕ ಸ್ನೇಹ ಸಮ್ಮೇಳನದ ಮುಂಚೆ ಲೇಝೀಮು, ಡೊಳ್ಳು, ನೃತ್ಯದ ತಂಡಗಳು ಸಿಮೆಂಟಿನ ಅಂಗಳದಲ್ಲಿ ಒಂದೇ ವಾರದಲ್ಲಿ ದಿನಕ್ಕೆ ಮೂರು ತಾಸು ಅಭ್ಯಾಸ ಮಾಡುತ್ತವೆ. ಅದನ್ನು ಒಂದು ತಿಂಗಳಿಗೆ ಹರಡಿ, ಮಣ್ಣಿನ ಮೈದಾನಕ್ಕೆ ಒಯ್ಯಬಹುದು. ದೈಹಿಕ ಶಿಕ್ಷಣದ ಸರ್ ಕಬಡ್ಡಿ ತಂಡಕ್ಕೆ ಮಾಡಿಸುವ ಹತ್ತು ನಿಮಿಷದ ವಾರ್ಮ್‌ಅಪ್ ಅನ್ನು ಇವರಿಗೂ ಮಾಡಿಸಬಹುದು. ವಿಜ್ಞಾನ ವಿಭಾಗದ ನಾವು ಮೊಬೈಲಿನ ಸ್ಲೋ ಮೋಶನ್ ವಿಡಿಯೋದಲ್ಲಿ ಮಣ್ಣಿನ ಮೇಲೆ, ಸಿಮೆಂಟಿನ ಮೇಲೆ ಕಾಲು ಎಷ್ಟು ಹೊತ್ತಿನಲ್ಲಿ ನಿಲ್ಲುತ್ತದೆ ಎಂದು ಎಣಿಸಿ, ಮೇಲೆ ಹೇಳಿದ ಲೆಕ್ಕವನ್ನು ಪ್ರಾಜೆಕ್ಟ್ ಆಗಿ ಮಾಡಬಹುದು. ಭೌತಶಾಸ್ತ್ರದ ಮೇಡಂ ಆಗಲೇ ಒಪ್ಪಿದ್ದಾರೆ. ಹೆಸರು ಕೊಡುವವರು ನನಗೆ ತಿಳಿಸಿ, ಅಂದು ನಕ್ಕವರೂ ಬನ್ನಿ.

ನನ್ನ ಗೆಳತಿ ಈಗ ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಗೆಜ್ಜೆಯನ್ನು ಕಪಾಟಿನಲ್ಲಿ ಇಟ್ಟಿದ್ದಾಳೆ, ಯಾರಿಗೂ ಕೊಟ್ಟಿಲ್ಲ. ಡಬ್ಬಿಯನ್ನು ಈಗ ಅವಳೇ ಖಾಲಿ ಮಾಡುತ್ತಾಳೆ, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಮಾಮೂ ಮೊನ್ನೆ ಫೋನಿನಲ್ಲಿ, “ನೀ ಓದಿ ಡಾಕ್ಟರ್ ಆಗೂತನಕ ನನ್ನ ಮೊಣಕಾಲು ಉಳಿತೈತೇನವಾ?” ಎಂದು ಕೇಳಿದರು. ಗೊತ್ತಿಲ್ಲ ಮಾಮೂ ಎಂದೆ. ಬರುವ ರಜೆಯಲ್ಲಿ ಅವರನ್ನು ಬೆಳಗಾವಿಗೆ ಕರೆತಂದು ಒಮ್ಮೆ ಸರಿಯಾಗಿ ತೋರಿಸೋಣ ಎಂದು ಅಮ್ಮಿಗೆ ಹೇಳಿದ್ದೇನೆ. ನಾನೂ ಜೊತೆಗೆ ಹೋಗುತ್ತೇನೆ. ಅವರು ಹೇಳುವುದನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ.